ಖರ್ಚು ಮಾಡಲು ಕಲಿತ ಪಟ್ಟಲಮ್ಮ

ನಮ್ಮ ಸೋದರತ್ತೆ ಪಟ್ಟಲಮ್ಮ ಗಂಡ ಸತ್ತ ವರ್ಷವೇ ಆತಗೂರಿನ ತವರುಮನೆಗೆ ಬಂದುಬಿಟ್ಟವಳು. ನಮ್ಮಪ್ಪ ಮರಿಸಿದ್ದಯ್ಯನಿಗೆ ಅವಳು ಅಕ್ಕ. ಊರಾಚೆ ಬೆಲ್ಲ ಕಾಯಿಸುವ ಆಲೆಮನೆಯಲ್ಲಿ ಕಬ್ಬು ಹೊರುವುದು, ಸಿಪ್ಪೆ ಒಣಗಿಸಿ ಒಲೆಗೆ ಹಾಕುವುದು ಅವಳ ಕೆಲಸ. ವಾರದ ಕೂಲಿಯನ್ನು ಸೆರಗಿಗೆ ಗಂಟು ಹಾಕಿಕೊಂಡು ಬಂದು, ಕೈಕಾಲು ತೊಳೆಯುವ ಮೊದಲೇ ತಮ್ಮನ ಕೈಗೆ ಹಾಕುತ್ತಿದ್ದಳು. ಎಷ್ಟು ಬಂತು ಅಂತ ನೋಡಿದವಳೂ ಅಲ್ಲ. ಅಪ್ಪ ಕೆಟ್ಟವನಲ್ಲ. ಅವಳ ಹೊಟ್ಟೆಗೆ ಎಂದೂ ಕಡಿಮೆ ಮಾಡಲಿಲ್ಲ, ಸೀರೆಯನ್ನೂ ತಾನೇ ಆರಿಸಿ ತರುತ್ತಿದ್ದ. ಯಾವಾಗಲೂ ಮಾಸಲು ಕಂದು.

ಎರಡನೆಯ ಮಹಾಯುದ್ಧ ಶುರುವಾಗಿ ಬಟ್ಟೆ ಸಿಗುವುದೇ ಕಷ್ಟವಾಯಿತು. ಒಂದು ದಿನ ಕಬ್ಬಿನ ಹೊರೆ ಇಳಿಸುವಾಗ ಅತ್ತೆಯ ಸೀರೆ ಮಂಡಿಯ ಹತ್ತಿರ ಉದ್ದಕ್ಕೆ ಹರಿದುಹೋಯಿತು. ಕೈಯಿಂದ ಹಿಡಿದುಕೊಂಡೇ ಮನೆಗೆ ಬಂದಳು.

"ಯುಗಾದಿ ಬರ್ಲಿ, ನೋಡಾನ ಬುಡಕ್ಕ" ಅಂದ ಅಪ್ಪ.

ಅದೇ ವಾರ ಅಪ್ಪ ಮದ್ದೂರಿನಿಂದ ಬಂದಾಗ ಕಂಕುಳಲ್ಲಿ ಹೊಸ ಛತ್ರಿ ಇತ್ತು. ಅತ್ತೆ ಅದನ್ನು ಬಿಚ್ಚಿ ನೋಡಿ, ಮಡಿಸಿ ಗೂಟಕ್ಕೆ ತಗುಲಿಹಾಕಿದಳು.

ಮುಂದಿನ ಕೂಲಿ ಕೈಗೆ ಬಂದ ದಿನ ಅವಳು ಮನೆಗೆ ಬರದೆ ನೇರ ಮದ್ದೂರಿಗೆ ನಡೆದಳು. ಪೇಟೆಯಲ್ಲಿ ಬಾಬು ಜಾನ್ ಸಾಹೇಬರ ಜವಳಿ ಅಂಗಡಿ. ಇದ್ದಬದ್ದ ನಾಲ್ಕು ಕೈಮಗ್ಗದ ಸೀರೆಗಳನ್ನು ಅವರು ಮುಂದೆ ಹರವಿದರು.

"ನಿಮಗೆ ಯಾವ ಬಣ್ಣ ಇಷ್ಟ ತಾಯಿ?"

ಆ ಮಾತನ್ನು ಅವಳಿಗೆ ಯಾರೂ ಕೇಳಿರಲಿಲ್ಲ, ಅವಳೂ ಕೇಳಿಕೊಂಡಿರಲಿಲ್ಲ. ಒಂದನ್ನು ಮುಟ್ಟಿದಳು, ಇನ್ನೊಂದನ್ನು ಮುಟ್ಟಿದಳು. "ಆಮ್ಯಾಕೆ ಬತ್ತೀನಿ ಸಾಬ್ರೆ" ಅಂದು ಎದ್ದುಬಂದಳು. ದಾರಿಯುದ್ದಕ್ಕೂ ತನ್ನ ಮೇಲೇ ಸಿಟ್ಟು ಬಂತಂತೆ. ಇಷ್ಟು ವರ್ಷ ದುಡಿದಿದ್ದೀನಿ, ದುಡ್ಡು ಬಿಚ್ಚೋಕೆ ಕಳ್ಳಿ ತರ ಹೆದರಿದೆನಲ್ಲ ಅಂತ.

ಸಂಜೆ ಅಪ್ಪ ಎಂದಿನಂತೆ ಕೈ ಚಾಚಿದ.

"ಇವತ್ತು ಕೊಡಾಕಿಲ್ಲ ಕಣ್ಲಾ."

"ಯಾಕಕ್ಕ, ಕೂಲಿ ಕೊಡ್ನಿಲ್ವ?"

"ಕೊಟ್ಟವ್ರೆ. ನನ್ ತಾವೇ ಇರ್ಲಿ. ನನ್ ಊಟದ ಬಾಬ್ತು ಪುಟ್ಟಮಾದಿ ಕೈಗೆ ಕೊಡ್ತೀನಿ."

ಪುಟ್ಟಮಾದಿ ಅಂದರೆ ನಮ್ಮವ್ವ. ಒಲೆ ಮುಂದೆ ಕೂತಿದ್ದವಳು ತಲೆ ಎತ್ತಲಿಲ್ಲ. ಅಪ್ಪ ಕೂಗಾಡಿದ. ನಿನ್ನ ಸಾಕಿದ್ದು ಯಾರು ಅಂದ, ಹೆಂಗಸಿಗೆ ದುಡ್ಡಿನ ಮರ್ಮ ಏನು ಗೊತ್ತು ಅಂದ.

"ಗೊತ್ತಿಲ್ಲ. ಕಲ್ತ್ಕೋತೀನಿ" ಅಂದಳು ಅತ್ತೆ. ಉಂಡು ಮಲಗಿದಳು.

ಮಾರನೆಯ ವಾರ ಮತ್ತೆ ಹೋಗಿ, ಬಾಬು ಜಾನ್ ಸಾಹೇಬರು ಬಣ್ಣ ಬಿಡುತ್ತೆ, ಬೇಡವೆಂದರೂ ಕೇಳದೆ, ದಾಳಿಂಬೆ ಹೂವಿನ ಕೆಂಪಿನ ಸೀರೆ ತಂದಳು. ಮೊದಲ ಒಗೆತಕ್ಕೇ ನೀರೆಲ್ಲ ಕೆಂಪಾಗಿ, ಸೀರೆ ತೇಪೆತೇಪೆಯಾಗಿ ಬಿಳಿಚಿಕೊಂಡಿತು. ಕೆರೆ ಏರಿ ಮೇಲೆ ಹೆಂಗಸರು ನಕ್ಕರು. ವಿಧವೆಗೆ ಕೆಂಪು ಯಾಕೆ ಅಂತಲೂ ಒಬ್ಬಳು ಅಂದಳು. ಅಪ್ಪನಂತೂ ಕಾಯುತ್ತಲೇ ಇದ್ದ: "ನಾನೇಳ್ನಿಲ್ವ?"

"ಏಳ್ದೆ. ದಂಡ ಆಗಿರೋದು ನನ್ ದುಡ್ಡು, ನಿಂದಲ್ಲ" ಅಂದು ಆ ಸೀರೆಯನ್ನೇ ಉಟ್ಟು ಆಲೆಮನೆಗೆ ಹೋದಳು. ಸೀರೆ ಹರಿಯುವವರೆಗೂ ಉಟ್ಟಳು.

ಅಲ್ಲಿಂದಾಚೆಗೆ ಅವಳ ಖರ್ಚಿಗೊಂದು ಕ್ರಮ ಬಂತು. ಬಟ್ಟೆಯ ಮೂಲೆಗೆ ನೀರು ಹಚ್ಚಿ ಉಜ್ಜಿ ನೋಡುವಳು. ಏನೇ ಕಣ್ಣಿಗೆ ಬಿದ್ದರೂ ಅಂದೇ ಕೊಳ್ಳಳು. ಮನೆಗೆ ಹೋಗಿ ಮಲಗಿ ಎದ್ದ ಮೇಲೂ ಬೇಕೆನಿಸಿದರೆ ಮಾತ್ರ. ಕೊಂಡ ಮೇಲೆ ಕೊರಗಳು. ಸಂತೆಯಿಂದ ಬರುವಾಗ ಶಿಂಷಾ ದಂಡೆಯ ಹೊಂಗೆ ಮರದಡಿ ಕೂತು ಒಂದು ಪೊಟ್ಟಣ ಕಡ್ಲೆಪುರಿಯನ್ನು ಒಬ್ಬಳೇ ತಿನ್ನುವಳು. ನಮಗೆ ಬೇರೆ ಪೊಟ್ಟಣ ಇರುತ್ತಿತ್ತು, ಆದರೆ ಅವಳದರಲ್ಲಿ ಪಾಲಿಲ್ಲ.

ಒಂದು ದಿನ ಅವ್ವ ಹಿತ್ತಲಲ್ಲಿ ಅವಳನ್ನು ನಿಲ್ಲಿಸಿ ಮೆಲ್ಲಗೆ ಕೇಳಿದಳು. "ಅಕ್ಕ, ಎರಡು ಕೋಳಿ ಸಾಕ್ಲಾ? ಮೊಟ್ಟೆ ಕಾಸು ನನ್ ತಾವೇ ಮಡೀಕೋಬೋದಾ?"

"ನನ್ನ ಯಾಕೆ ಕೇಳ್ತೀಯಮ್ಮಿ? ಸಾಕು" ಅಂದಳು ಅತ್ತೆ.

ನಲವತ್ತೇಳರ ಮಳೆಗೆ ನಮ್ಮ ಗರಿಯ ಮಾಡು ಕುಸಿಯಿತು. ಹೆಂಚು ಹೊದಿಸಲು ಅಪ್ಪನ ಬಳಿ ಇದ್ದದ್ದು ಅರ್ಧಕ್ಕೂ ಸಾಲದು. ಎರಡು ದಿನ ಗೋಡೆ ನೋಡುತ್ತ ಕೂತಿದ್ದು ಕೊನೆಗೆ ಅಕ್ಕನ ಮುಂದೆ ಬಂದು ನಿಂತ. ಕೈ ಚಾಚಲಿಲ್ಲ. "ಏನ್ ಮಾಡಾನಕ್ಕ?" ಅಂದ.

"ಮಿಕ್ಕಿದ್ದು ನಾನ್ ಆಕ್ತೀನಿ. ಆದ್ರೆ ಎಂಚು ನಾನೇ ನೋಡಿ ತರೋಳು. ನಾನ್ ಮಲಗೋ ಕಡೆ ಒಂದು ಕಿಟಕಿ ಬುಡಿಸ್ಬೇಕು."

ಅಪ್ಪ ಆಗಲಿ ಅಂದ. ಬೆಳಿಗ್ಗೆ ಇಬ್ಬರೂ ಗಾಡಿ ಕಟ್ಟಿಕೊಂಡು ಮಂಡ್ಯಕ್ಕೆ ಹೊರಟರು. ಹೆಂಚಿನ ಮಂಡಿಯಲ್ಲಿ ಅತ್ತೆ ಒಂದೊಂದು ಹೆಂಚನ್ನೂ ಬೆರಳಿನಿಂದ ತಟ್ಟಿ, ಸದ್ದು ಕೇಳಿ, ಸೀಳು ಬಿಟ್ಟಿದ್ದನ್ನು ಪಕ್ಕಕ್ಕಿಡುತ್ತ ಹೋದಳು. ಮಂಡಿಯವನು ಗೊಣಗಿದ. ಅಪ್ಪ ಅವನಿಗೆ ಹೇಳಿದನಂತೆ, "ಸುಮ್ಕಿರಪ್ಪ. ಅವ್ಳು ನೋಡ್ಲಿ."