ನಡುಗೋಡೆಯ ಗೂಡಿನಲ್ಲಿ ಇಟ್ಟ ಸ್ಪೀಕರ್

ಮನೆಯೊಳಗೆ ಚಿತ್ರಮಂದಿರ ಮಾಡಿಕೊಳ್ಳುವವರಿಗೆ ಮುಂದಿನ ಮೂರು ಸ್ಪೀಕರುಗಳ ಚಿಂತೆಯಿರುವುದಿಲ್ಲ. ಅವು ಟಿ.ವಿ.ಯ ಎಡಬಲಕ್ಕೂ ಕೆಳಗೂ ತಾವಾಗಿ ಕೂರುತ್ತವೆ. ಫಜೀತಿಯೆಲ್ಲ ಉಳಿದ ಎರಡರದು. ಅವು ನೋಡುವವನ ಎಡಕ್ಕೊಂದು, ಬಲಕ್ಕೊಂದು, ಕಿವಿಯ ನೇರಕ್ಕಿಂತ ತುಸು ಹಿಂದೆ, ತಲೆಗಿಂತ ತುಸು ಮೇಲೆ ಇರಬೇಕು. ಅವುಗಳಿಂದ ಮಾತು ಬರುವುದು ಅಪರೂಪ. ಮಾತೆಲ್ಲ ಮುಂದಿನಿಂದ ಬರುತ್ತದೆ. ಮಳೆ, ಗಾಳಿ, ಸಂತೆಯ ಗದ್ದಲ, ಹಿತ್ತಲಲ್ಲಿ ಯಾರೋ ಅಳುವುದು, ಇಂಥವೆಲ್ಲ ಆ ಎರಡರಿಂದ. ಇಷ್ಟನ್ನೂ ನಾನು ಡಬ್ಬಿ ಬಿಚ್ಚುವ ಮೊದಲೇ ಓದಿಕೊಂಡಿದ್ದೆ. ತಿಳಿಯದೆ ಆಯಿತು ಎಂದು ಹೇಳುವ ಸೌಲಭ್ಯ ನನಗಿಲ್ಲ.

ನಮ್ಮದು ರಂಗಂಪೇಟೆಯಲ್ಲಿರುವ ಹಳೆಯ ಕಲ್ಲಿನ ಮನೆ. ಅಪ್ಪನ ನಂತರ ಅಣ್ಣನೂ ನಾನೂ ಬೇರೆಯಾದಾಗ ನಡುಗೋಡೆಯೇ ಗಡಿಯಾಯಿತು. ಆ ಗೋಡೆಯಲ್ಲಿ ಎರಡೂ ಬದಿಗೆ ಬಾಯಿ ತೆರೆದ ಒಂದು ಗೂಡಿದೆ. ಒಂದು ದೀಪ ಎರಡು ಕೋಣೆಗಳಿಗೆ ಬೆಳಕಾಗಲಿ ಎಂದು ಕಟ್ಟಿದವರು ಬಿಟ್ಟ ಗೂಡು. ಪಾಲಾದ ದಿನ ಅದನ್ನು ಮುಚ್ಚಲು ಗೌಂಡಿ ಕಲ್ಲು ಎತ್ತಿಕೊಂಡಾಗ ಅವ್ವ ಅಡ್ಡ ಬಂದಿದ್ದಳು.

"ಗ್ವಾಡಿ ನೀವಿಬ್ಬರೂ ಹಂಚ್ಕೊಳ್ರಿ. ಗೂಡು ನಂದು. ಅದಕ್ಕ ಕೈ ಹಚ್ಚಬ್ಯಾಡ್ರಿ."

ಅವ್ವ ಹೋದ ಮೇಲೂ ಗೂಡಿನ ರೂಢಿ ಉಳಿಯಿತು. ಸಂಜೆ ಅತ್ತಿಗೆಯಾಗಲಿ, ನನ್ನ ಹೆಂಡತಿಯಾಗಲಿ, ಮೊದಲು ದೀಪ ಹಚ್ಚಿದವರು ಅಲ್ಲಿ ಇಡುತ್ತಿದ್ದರು. ಇನ್ನೊಬ್ಬರು ಬೇರೆ ಹಚ್ಚುತ್ತಿರಲಿಲ್ಲ. ದೀಪದ ಪಕ್ಕದಿಂದಲೇ ಪುಂಡಿಪಲ್ಯದ ಬಟ್ಟಲು ಈ ಕಡೆ ಬರುತ್ತಿತ್ತು, ಶೇಂಗಾ ಹಿಂಡಿಯ ಬಟ್ಟಲು ಆ ಕಡೆ ಹೋಗುತ್ತಿತ್ತು. ಅಣ್ಣ ಭೀಮರಾಯನಗುಡಿಯ ಕಚೇರಿಗೆ ಹೋದರೆ ಹೊತ್ತು ಮುಳುಗಿದ ಮೇಲೆಯೇ ಬರುವವನು. ಹೊಸಿಲು ದಾಟುವುದೇ ಕಡಿಮೆಯಾದ ಅತ್ತಿಗೆಗೆ ಓಣಿಯ ಸುದ್ದಿ, ನಮ್ಮ ಮನೆಯ ಕೆಮ್ಮು ನೆಗಡಿ, ನನ್ನ ಹೆಂಡತಿಯ ಸಿಟ್ಟು ಸೆಡವು ಎಲ್ಲವೂ ಗೊತ್ತಾಗುತ್ತಿದ್ದದ್ದು ಆ ಗೂಡಿನಿಂದ.

ನಾನು ಶಹಾಪುರದಲ್ಲಿ ಪಾಠ ಹೇಳುವವನು. ಯಾದಗಿರಿಯಲ್ಲಿ ಓದುವಾಗ ಚರ್ಚಾಸ್ಪರ್ಧೆಗಳಲ್ಲಿ ಒಂದೇ ವಿಷಯದ ಪರವಾಗಿಯೂ ವಿರೋಧವಾಗಿಯೂ ಮಾತಾಡಿ ಗೆದ್ದವನು. ಮೆರವಣಿಗೆಗಳಲ್ಲಿ ಡಿಜೆ ಹಚ್ಚಬಾರದೆಂದು ಓಣಿ ಓಣಿ ತಿರುಗಿ ಭಾಷಣ ಮಾಡಿದವನು. ಹೆಣ್ಣುಮಕ್ಕಳು ಒಬ್ಬೊಬ್ಬರೇ ಮೂಲೆಯಲ್ಲಿ ಮೊಬೈಲು ಹಿಡಿದು ಕೂರುವುದನ್ನು ನೋಡಿ ನನಗೊಂದು ಯೋಜನೆ ಹೊಳೆಯಿತು: ರವಿವಾರ ಮಧ್ಯಾಹ್ನ ಓಣಿಯ ಹೆಂಗಸರನ್ನು ನಮ್ಮ ಪಡಸಾಲೆಯಲ್ಲಿ ಕೂಡಿಸಿ ಒಳ್ಳೆಯ ಚಿತ್ರ ತೋರಿಸುವುದು, ಆಮೇಲೆ ಅವರಿಂದ ಮಾತಾಡಿಸುವುದು. ಹೆಂಗಸರು ಬಾಯಿಬಿಟ್ಟು ಮಾತಾಡಲು ಒಂದು ಜಾಗ ಬೇಕು ಎಂದು ನಾನು ಹೇಳದ ಕಡೆಯಿಲ್ಲ.

ಯಾದಗಿರಿಯಿಂದ ಡಬ್ಬಿಗಳು ಬಂದು ಆಟೋದಿಂದ ಇಳಿಯುವಾಗ ಎದುರಿನ ಕಿರಾಣಿಯವನು ಅಂಗಡಿ ಬಿಟ್ಟು ಹೊರಗೆ ಬಂದ.

"ಏನ್ರಿ ಸರ, ಓಣ್ಯಾಗ ಡಿಜೆ ಬ್ಯಾಡಂತ ಹೇಳಿ ಈಗ ಮನ್ಯಾಗ ತಂದು ಕುಂದರಸಾಕತ್ತೀರಿ?"

"ಇದು ಗದ್ದಲಕ್ಕ ಅಲ್ಲಪ್ಪಾ, ತಿಳುವಳಿಕಿಗಿ."

"ಹಂಗಾದ್ರ ತಿಳುವಳಿಕಿದು ಆವಾಜ್ ಜರಾ ಕಮ್ಮಿ ಇಡ್ರಿ. ನಮ್ಮವ್ವಗ ಮಧ್ಯಾಹ್ನ ನಿದ್ದಿ ಬೇಕು."

ಬಲಗಡೆಯ ಸ್ಪೀಕರಿಗೆ ಕಿಟಕಿಯ ಪಕ್ಕದ ಹಲಗೆ ಸಿಕ್ಕಿತು. ಎಡಗಡೆ ನಡುಗೋಡೆ. ಕಲ್ಲಿಗೆ ಮೊಳೆ ಇಳಿಯಲಿಲ್ಲ. ಸೋಫಾದಲ್ಲಿ ಕೂತು ಕತ್ತು ಹೊರಳಿಸಿ ನೋಡಿದೆ. ಎಡ ಕಿವಿಗಿಂತ ತುಸು ಹಿಂದೆ, ತಲೆಗಿಂತ ತುಸು ಮೇಲೆ, ಅಳೆದು ಕೊರೆದಂತೆ, ಗೂಡು. ನನಗಾದ ಖುಷಿಯನ್ನು ನೆನೆದರೆ ಈಗ ಮೈ ಮುದುಡುತ್ತದೆ.

"ಅದು ದೀಪದ ಜಾಗ ಅಲ್ಲೇನ್ರೀ?" ಎಂದಳು ಹೆಂಡತಿ. "ಆ ಕಡಿ ಅಕ್ಕ ಏನಂತಾಳ?"

ನಾನು ವಾದ ಹೂಡಿದೆ. ಕರೆಂಟು ಬಂದ ಮನೆಗೆ ಎಣ್ಣೆದೀಪ ಬರೀ ರೂಢಿ. ಅತ್ತಿಗೆಗೆ ನಮ್ಮ ಬಾಗಿಲು ಯಾವಾಗಲೂ ತೆರೆದಿದೆ. ಇಬ್ಬರ ಅನುಕೂಲಕ್ಕಿಂತ ಇಡೀ ಓಣಿಯ ಹಿತ ದೊಡ್ಡದು. ಪಡಸಾಲೆಯಲ್ಲಿ ತೀರ್ಪುಗಾರರು ಕೂತಿದ್ದಾರೆಂಬಂತೆ ಮಾತಾಡಿದೆ.

"ನಿಮ್ಮ ಕೂಡ ಮಾತಿಗಿ ನಿಂತು ಗೆದ್ದವ್ರು ಯಾರದಾರ? ಇಡ್ರಿ," ಎಂದು ಅವಳು ಒಳಗೆ ಹೋದಳು. ನಾನು ಅದನ್ನು ಒಪ್ಪಿಗೆ ಎಂದುಕೊಂಡೆ.

ಅತ್ತಿಗೆಯನ್ನು ನಾನು ಕೇಳಲಿಲ್ಲ, ತಿಳಿಸಿದೆ. ಅದೂ ಅದೇ ಗೂಡಿನಲ್ಲಿ ಬಗ್ಗಿ. ಆ ಕಡೆ ಅವರು ಅಕ್ಕಿ ಹಸನು ಮಾಡುತ್ತಿದ್ದರು. ಮೊರದಿಂದ ಮುಖ ಎತ್ತದೆಯೇ, "ನಿಮ್ಮ ಕಡಿ ಬಾಯಿ ನಿಮ್ದು, ತಮ್ಮಾ. ಇಟ್ಕೋ," ಎಂದರು. ನಾನು ಸ್ಪೀಕರ್ ಇಟ್ಟು, ಅದು ಅಲುಗದಂತೆ ಸುತ್ತಲೂ ಹಳೆಯ ಸೀರೆಯ ತುಂಡು ತುರುಕಿದೆ. ಆ ವಾರವೆಲ್ಲ ಸಂಜೆ ದೀಪ ಹಚ್ಚುವ ಹೊತ್ತಿಗೆ ಅಲ್ಲಿಷ್ಟು ಇಲ್ಲಿಷ್ಟು ಚಿತ್ರ ಓಡಿಸಿ ಧ್ವನಿ ಸರಿಮಾಡಿಕೊಂಡೆ.

ಮೊದಲ ರವಿವಾರ ಜಮಖಾನೆ ತುಂಬ ಹೆಂಗಸರು. ಅತ್ತಿಗೆಯನ್ನೂ ಕರೆದಿದ್ದೆವು. ಉಪ್ಪಿನಕಾಯಿ ಹಾಕುವುದಿದೆ, ನೀವು ನೋಡಿರಿ ಎಂದಿದ್ದರು. ಚಿತ್ರದಲ್ಲಿ ಒಂದು ಮನೆಯ ಮಗಳು ತೀರಿಕೊಂಡಿದ್ದಳು. ಅಂಗಳದ ಹೆಂಗಸರೆಲ್ಲ ಎದೆ ಬಡಿದುಕೊಂಡು ಅಳುವ ದೃಶ್ಯ. ಆ ಅಳು ನಮ್ಮ ಎಡಬಲದಿಂದ ಎದ್ದು ಬಂತು. ಧ್ವನಿ ಎಷ್ಟು ಚೆನ್ನಾಗಿ ಕೂತಿದೆಯೆಂದು ನಾನು ಬೀಗುತ್ತಿರುವಾಗಲೇ ಬಾಗಿಲು ದಡಾರನೆ ತೆರೆಯಿತು.

ಅತ್ತಿಗೆ. ಬರಿಗಾಲು, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಮೊಣಕೈವರೆಗೆ ಖಾರದ ಪುಡಿ ಹತ್ತಿದ ಕೈ.

"ಯಾರಿಗೇನಾತು? ಯವ್ವಾ, ಯಾರು ಹೋದ್ರು?"

ಕೂತವರನ್ನು ದಾಟಿ ಹೋಗಿ ನನ್ನ ಹೆಂಡತಿಯ ಮುಖವನ್ನು ಎರಡೂ ಕೈಯಲ್ಲಿ ಹಿಡಿದರು. ಅವಳ ಗಲ್ಲಕ್ಕೆ ಕೆಂಪಗೆ ಖಾರ ಮೆತ್ತಿಕೊಂಡಿತು. ಟಿ.ವಿ.ಯಲ್ಲಿ ಅಳು ನಡೆದೇ ಇತ್ತು.

"ಅಕ್ಕಾರ, ಸಿನಿಮಾದಾಗ ಸತ್ತಾರ್ರಿ, ಕುಂದರ್ರಿ!" ಎಂದು ಯಾರೋ ಅಂದರು. ಜಮಖಾನೆಯೆಲ್ಲ ನಕ್ಕಿತು. ನಾನೂ ನಕ್ಕೆ. ನಕ್ಕು ಸುಮ್ಮನಾಗಲಿಲ್ಲ. ಚಿತ್ರ ನಿಲ್ಲಿಸಿ, ಎದ್ದು ನಿಂತು, "ನೋಡಿದಿರಾ, ಧ್ವನಿಯ ಪರಿಣಾಮ ಎಂದರೆ ಇದು," ಎಂದು ವಿವರಿಸಲು ಶುರುಮಾಡಿದೆ. ಒಬ್ಬ ಹೆಂಗಸಿನ ಗಾಬರಿಯನ್ನು ಅವರ ಕಣ್ಣೆದುರೇ ಉದಾಹರಣೆ ಮಾಡಿಕೊಂಡೆ.

ನನ್ನ ಮಾತು ಮುಗಿಯುವ ತನಕ ಅತ್ತಿಗೆ ನಿಂತೇ ಇದ್ದರು. ಆಮೇಲೆ ಮೆಲ್ಲಗೆ ಹೇಳಿದರು:

"ಮೊದಲ ಆಗಿದ್ರ ಗೂಡಿನ್ಯಾಗ ಬಗ್ಗಿ, ಏನಾತವ್ವಾ ಅಂತ ಒಂದ ಮಾತು ಕೇಳತಿದ್ದೆ, ತಮ್ಮಾ. ಈಗ ಆ ಕಡಿಂದ ಮಾತು ಬರಂಗಿಲ್ಲ. ದಿನಾ ಸಂಜಿಗಿ ಬರೇ ಮಳಿ ಬರ್ತದ, ಮಂದಿ ಗದ್ದಲ ಬರ್ತದ. ಇವತ್ತು ಅಳೋದು ಬಂತು. ನಾ ಖರೆ ತಿಳಕೊಂಡೆ."

ಆ ಸ್ಪೀಕರಿನ ಬೆನ್ನಿಗೂ ಗಾಳಿ ಹೊರಡುವ ಒಂದು ತೂತಿದೆ. ನಮ್ಮ ಕಡೆಗೆ ಎಷ್ಟು ಬರುತ್ತಿತ್ತೋ ಅವರ ಕಡೆಗೂ ಅಷ್ಟೇ ಹೋಗುತ್ತಿತ್ತು, ಮಾತೊಂದನ್ನು ಬಿಟ್ಟು. ದೀಪವೂ ಬಟ್ಟಲೂ ನನ್ನ ಹೆಂಡತಿಯ ದನಿಯೂ ಬರುತ್ತಿದ್ದ ಬಾಯಿಯಿಂದ, ವಾರವಿಡೀ, ಅರ್ಥವಾಗದ ಗದ್ದಲವನ್ನು ನಾನು ಅವರಿಗೆ ಕಳಿಸಿದ್ದೆ. ಹೆಂಗಸರಿಗೆ ಮಾತಾಡಲು ಜಾಗ ಮಾಡಿಕೊಡುವ ಹೆಸರಿನಲ್ಲಿ!

ಹೆಂಡತಿ ಗಲ್ಲ ಒರೆಸಿಕೊಳ್ಳದೆ ಅತ್ತಿಗೆಯ ಜೊತೆ ಹೊರಗೆ ಹೋದಳು. ಚಿತ್ರವನ್ನು ಮತ್ತೆ ಹಚ್ಚಿರಿ ಎಂದು ಯಾರೂ ಕೇಳಲಿಲ್ಲ, ಒಬ್ಬೊಬ್ಬರೇ ಎದ್ದರು. ತಪ್ಪಾಯಿತು ಎನ್ನುವುದಕ್ಕೆ ನಾನು ಮನಸ್ಸಿನಲ್ಲೇ ವಾಕ್ಯ ಕಟ್ಟುತ್ತ ನಿಂತಿದ್ದೆ. ಎಲ್ಲವೂ ಭಾಷಣದ ಮೊದಲ ಸಾಲಿನಂತೆ ಕೇಳಿಸುತ್ತಿದ್ದವು.

ಸಂಜೆ ಅಣ್ಣ ಬಾಗಿಲಲ್ಲೇ ನಿಂತು ಚೇಷ್ಟೆ ಮಾಡಿದ. "ಏನೋ, ನಿಮ್ಮತ್ತಿಗಿ ನಿಮ್ಮನಿ ಸಿನಿಮಾಕ್ಕ ಅಳಾಕ ಬಂದಿದ್ಲಂತ? ಟಿಕೀಟು ತಗೊಂಡಿ ಏನು ಮತ್ತ?" ಬೈದಿದ್ದರೆ ಎದುರು ಮಾತಾದರೂ ಇರುತ್ತಿತ್ತು. ಅವನು ಹೋದ ಮೇಲೆ ಸ್ಪೀಕರನ್ನು ಕಿತ್ತು ಸೋಫಾದ ಪಕ್ಕ ಒಂದು ಸ್ಟೂಲಿನ ಮೇಲೆ ಇಟ್ಟೆ. ಅದು ಸರಿಯಾದ ಜಾಗವಲ್ಲ. ಎಡಗಡೆಯ ಮಳೆ ಈಗ ಮೊಣಕಾಲಿನ ಹತ್ತಿರ ಸುರಿಯುತ್ತದೆ. ರವಿವಾರದ ಕೂಟ ನಡೆಯುತ್ತಿದೆ, ಅತ್ತಿಗೆಯೂ ಒಮ್ಮೊಮ್ಮೆ ಬರುತ್ತಾರೆ. ನಾನು ಮಾತ್ರ ಚರ್ಚೆ ನಡೆಸುವುದನ್ನು ಬಿಟ್ಟು ಚಹಾ ಮಾಡುತ್ತೇನೆ.

ಗೂಡು ತೆರೆದಿದೆ, ದೀಪ ಮರಳಿದೆ. ಆದರೆ ಮೊದಲು ಅತ್ತಿಗೆ ಬಟ್ಟಲನ್ನು ಸುಮ್ಮನೆ ಇಟ್ಟು ಹೋಗುತ್ತಿದ್ದರು. ಈಗ ಬಳೆಯ ಕೈಯಿಂದ ಕಲ್ಲಿನ ಅಂಚನ್ನು ತಟ್ಟುತ್ತಾರೆ. "ಗೂಡು ಖಾಲಿ ಅದ ಏನು, ತಮ್ಮಾ? ಇಡ್ಲಾ?" ಎಂದು ಕೇಳುತ್ತಾರೆ. ಅದರಲ್ಲಿ ಕೊಂಕಿಲ್ಲ, ಕೇಳಬೇಕೆಂದು ಅವರು ಕಲಿತುಕೊಂಡಿದ್ದಾರೆ, ಅಷ್ಟೆ. ಕಲಿಸಿದವನು ನಾನು. ಎಡ ಕಿವಿಗಿಂತ ತುಸು ಹಿಂದಿನಿಂದ, ತಲೆಗಿಂತ ತುಸು ಮೇಲಿನಿಂದ ಬರುವ ಆ ಪ್ರಶ್ನೆಗೆ, "ಇಡ್ರಿ ಅತ್ತಿಗಿ," ಎಂದು ನಾನು ಹೇಳುವವರೆಗೆ, ಬಟ್ಟಲು ಆ ಕಡೆಯ ಕೈಯಲ್ಲೇ ಇರುತ್ತದೆ.