ಗಂಗಿಯ ದೀಪದ ಕಣ್ಣು

ಹುಣಸೆಬೀಜದ ಗಂಜಿ ಬೇಯುವ ವಾಸನೆ ಎಲ್ಲೇ ಮೂಗಿಗೆ ಬಡಿದರೂ ಸಾಕು, ನಾನು ಹರಿಯಬ್ಬೆಯ ನಮ್ಮ ಹಟ್ಟಿಯಲ್ಲಿರುತ್ತೇನೆ. ಅಂಗಳದುದ್ದಕ್ಕೂ ಕಂಬಳಿಯ ನೂಲು ಬಿಗಿದು ಅಪ್ಪ ಗಂಜಿ ಬಳಿಯುತ್ತಿದ್ದ, ಅವ್ವ ಉಣ್ಣೆ ನೂಲುತ್ತಿದ್ದಳು, ನನ್ನ ತಂಗಿ ಗಂಗಿ ನೂಲಿನ ಕೆಳಗೆ ನುಸುಳಿ ಬೈಸಿಕೊಳ್ಳುತ್ತಿದ್ದಳು. ಮೂರು ವರ್ಷದ ಆ ಕೂಸಿನ ಎಡಗಣ್ಣು ದೀಪದೆದುರು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆಯುತ್ತಿತ್ತು. ನಾವೋ, ಮನೆದೇವರೇ ಅಲ್ಲಿ ದೀಪ ಹಚ್ಚಿದ್ದಾನೆ ಅಂದುಕೊಂಡೆವು. ಸೋಮವಾರ ಬಂತೆಂದರೆ ಅವಳನ್ನು ಕರಿಕಂಬಳಿಯ ಮೇಲೆ ಕೂರಿಸಿ, ಮುಖದೆದುರು ದೀಪ ಹಿಡಿದು, ಕಾಯಿ ಒಡೆದದ್ದೇ ಒಡೆದದ್ದು. ನನಗಂತೂ ಹೊಟ್ಟೆಕಿಚ್ಚು, ದೇವರಿಗೆ ನನ್ನ ಕಣ್ಣು ಯಾಕೆ ಬೇಡವಾಯಿತೋ ಅಂತ.

ಆ ಕಣ್ಣು ಕೆಂಪಗೆ ಊದಿ, ಗಂಗಿ ಅಂಬಲಿಯನ್ನೂ ಮುಟ್ಟದೆ ನರಳತೊಡಗಿದಾಗ ಅವ್ವ ನೂಲುವುದನ್ನು ಬಿಟ್ಟೆದ್ದಳು. ಗಾಡಿ ಕಟ್ಟಿಸಿ, ತುಮಕೂರಲ್ಲಿ ರೈಲು ಹತ್ತಿ, ನಮ್ಮನ್ನೆಲ್ಲ ಬೆಂಗಳೂರಿನ ಆಸ್ಪತ್ರೆಗೆ ಹೊರಡಿಸಿದಳು. ಕಣ್ಣೊಳಗೆ ಗಡ್ಡೆ ಬೆಳೆದಿದೆ, ಕಣ್ಣು ತೆಗೆಯದಿದ್ದರೆ ಮಗು ಉಳಿಯುವುದಿಲ್ಲ ಅಂದರು ಡಾಕ್ಟರು. ಈಗಿನವರು ಕ್ಯಾನ್ಸರ್ ಅನ್ನುತ್ತಾರಲ್ಲ, ಅದೇ. ದೇವರ ದೀಪ ಆರಿಸೋಕೆ ನಾವ್ಯಾರು ಅಂತ ಅಪ್ಪ ಗೋಡೆಗೆ ಹಣೆಯೊತ್ತಿ ಅತ್ತ. ಅವ್ವ ಅಳಲಿಲ್ಲ.

"ಆರಿದ್ರೆ ಆರ್ಲಿ ಬಿಡ್ರಿ. ನಂಗೆ ನನ್ ಕೂಸು ಬೇಕು."

ಕಣ್ಣು ತೆಗೆಸಿ, ಕೂಸನ್ನು ಗೆದ್ದುಕೊಂಡು ಬಂದೆವು ನೋಡಿ. ಆದರೆ ಮುಂದಿನ ಸೋಮವಾರ ಗಂಗಿಯ ಮುಂದೆ ದೀಪ ಹಿಡಿಯಲು ಹಟ್ಟಿಯವರೊಬ್ಬರೂ ಬರಲಿಲ್ಲ. ಅವ್ವ ದೀಪವನ್ನು ಅವಳ ಕೈಗೇ ಕೊಟ್ಟು, ಇನ್ನು ಮೇಲೆ ನೀನೇ ಹಚ್ಚು ಅಂದಳು. ಒಂಟಿಗಣ್ಣಲ್ಲೇ ಗಂಗಿ ಕುರಿ ಕಾದಳು, ಕಂಬಳಿ ನೇಯ್ದಳು, ಹಟ್ಟಿಯವರ ಹತ್ತಿರವೆಲ್ಲ ಜಗಳಾಡಿದಳು, ಮದುವೆಯೂ ಆದಳು. ಚೊಚ್ಚಲ ಮಗು ಹುಟ್ಟಿದಾಗ ಮಾತ್ರ, ಅದಕ್ಕೂ ತನ್ನ ಕಣ್ಣೇ ಬಂದಿದ್ದರೆ ಅಂತ ಅವಳ ಜೀವ ಬಾಯಿಗೆ ಬಂದಿತ್ತು. ದೀಪ ತರಿಸಿ ಕೂಸಿನ ಮುಖಕ್ಕೆ ಹಿಡಿದಳು. ನಾನು ಅವಳ ಮಣಿಕಟ್ಟು ಹಿಡಿದುಕೊಂಡೆ. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಎರಡೂ ಕಪ್ಪಗಿದ್ದವು.

"ಅಕ್ಕಾ, ಏನೂ ಹೊಳೀತಿಲ್ಲ ಕಣೇ," ಅಂದವಳೇ ಬಿದ್ದೂ ಬಿದ್ದೂ ನಕ್ಕಳು.

ಅಲ್ಲಿಂದಾಚೆಗೆ ಹಟ್ಟಿಯ ಯಾವ ಕೂಸನ್ನೂ ಗಂಗಿ ದೀಪ ತೋರಿಸದೆ ತೊಟ್ಟಿಲಿಗೆ ಹಾಕುತ್ತಿರಲಿಲ್ಲ. ಈಗ ಅಪ್ಪನ ಮಗ್ಗವಿಲ್ಲ, ಅವ್ವನಿಲ್ಲ. ಹೋದ ವರ್ಷ ಗಂಗಿಯೂ ತುಂಬು ಮುದುಕಿಯಾಗಿ ಹೊರಟುಹೋದಳು. ಮೊನ್ನೆ ಅವಳ ಮರಿಮಗಳನ್ನು ತೊಟ್ಟಿಲಿಗೆ ಹಾಕುವಾಗ, ದೀಪ ಹಿಡಿಯೋರು ಯಾರು ಅಂತ ಎಲ್ಲರೂ ಮುಖ ಮುಖ ನೋಡಿಕೊಂಡರು. ನನ್ನ ಕೈ ನೆಟ್ಟಗೆ ನಿಲ್ಲುವುದಿಲ್ಲ, ಆದರೂ ನಾನೇ ಹಿಡಿದೆ.

ಏನೂ ಹೊಳೆಯಲಿಲ್ಲ ಕಣೇ, ಗಂಗಿ.