ಸೆಟ್ಲ್‌ಮೆಂಟಿಗೆ ಮುಂಚೆ ಬಂದ ಮುಹೂರ್ತ

ಮಕ್ಕಳೇ, ಅಂಗಡಿಯಲ್ಲಿ ಯಾರಾದರೂ ಮಾತನಾಡಿಸಿದರೆ ನಾನು ನಿಮ್ಮ ಅಮ್ಮನ ಬೆನ್ನ ಹಿಂದೆ ಸರಿಯುವುದನ್ನು ನೋಡಿ ನೀವು ನಕ್ಕಿದ್ದೀರಿ. ಹಾಗಾದರೆ ಈ ಮನೆ ಕೊಳ್ಳುವಾಗ ಲಾಯರ್ ಹತ್ತಿರ ಯಾರು ಮಾತಾಡಿದರು ಎಂದು ಮೊನ್ನೆ ಕೇಳಿದಿರಿ. ನಾನೇ ಎಂದೆ. ನೀವು ನಂಬಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಓದುವುದು ಕಷ್ಟವಾದರೆ ನಿಮ್ಮ ಅಮ್ಮನಿಂದ ಓದಿಸಿಕೊಳ್ಳಿ. ನಿಮ್ಮ ಅಪ್ಪ ಓದಿದರೆ ನಡುನಡುವೆ ತಮ್ಮ ಮಾತು ಸೇರಿಸುತ್ತಾರೆ.

ನಿಮ್ಮ ತಾತ ತೀರಿಕೊಂಡ ಮೇಲೆ ಸಿಡ್ನಿಯ ಗಿರಾವೀನ್ ಮನೆಯನ್ನು ಮಾರುವುದೆಂದು ತೀರ್ಮಾನವಾಯಿತು. ನಿಮ್ಮ ಅಮ್ಮ ಆಗಲೇ ಮೆಲ್ಬರ್ನ್‌ನಲ್ಲಿದ್ದಳು. ನಿಮ್ಮಲ್ಲಿ ದೊಡ್ಡವಳು ಇನ್ನೂ ಕೂಸು. ಅವರ ಮನೆಯ ಹಿಂದಿನ ರಸ್ತೆಯಲ್ಲಿ, ಕ್ಲೇಟನ್‌ನಲ್ಲಿ, ನಾನೀಗ ಇರುವ ಈ ಚಿಕ್ಕ ಮನೆ ಮಾರಾಟಕ್ಕೆ ಬಂದಿತ್ತು. ಅಡುಗೆಮನೆಯ ಕಿಟಕಿ ಪೂರ್ವಕ್ಕಿದೆ ಎನ್ನುವುದೊಂದೇ ನನಗೆ ಕಂಡದ್ದು. ಅಲ್ಲಿ ಮಾರಿ ಇಲ್ಲಿ ಕೊಳ್ಳುವುದು, ಎರಡೂ ಒಂದೇ ದಿನ ಆಗಬೇಕು. ಆ ದಿನವನ್ನು ಇಲ್ಲಿ ಸೆಟ್ಲ್‌ಮೆಂಟ್ ಎನ್ನುತ್ತಾರೆ. ಪೂರ್ತಿ ಹಣ ಕೊಟ್ಟು ಬೀಗದ ಕೈ ಪಡೆಯುವ ದಿನ. ಗಿರಾವೀನ್ ಮನೆ ಬಿಟ್ಟರೆ ನನ್ನ ಹತ್ತಿರ ಬೇರೇನೂ ಇರಲಿಲ್ಲ. ಈ ಮನೆಗೆ ಏನಾದರೂ ಆದರೆ ಮಗಳ ಮನೆಯ ಹಾಲ್‌ನಲ್ಲಿ ಹಾಸಿಗೆ ಹಾಸಿಕೊಂಡು ಉಳಿದ ಆಯಸ್ಸು ಕಳೆಯಬೇಕಿತ್ತು.

ಗಿರಾವೀನ್ ಮನೆ ಮಾರಾಟದ ಕಾಗದಪತ್ರ ನೋಡಿಕೊಂಡ ಲಾಯರ್ ನಮ್ಮವರೇ, ಕನ್ನಡದವರು. ಸಿಡ್ನಿಯ ಹ್ಯಾರಿಸ್ ಪಾರ್ಕ್‌ನಲ್ಲಿ ಒಂದು ಸ್ವೀಟ್ ಅಂಗಡಿಯ ಮೇಲೆ ಅವರ ಆಫೀಸು. ಮೆಟ್ಟಿಲು ಹತ್ತುವಾಗಲೇ ತುಪ್ಪದ ವಾಸನೆ ಬರುತ್ತಿತ್ತು.

"ಯಾವೂರಮ್ಮ ನಿಮ್ದು?" ಎಂದು ಕೇಳಿದರು.

"ತುರುವೇಕೆರೆ ಹತ್ತಿರ."

"ಅಯ್ಯೋ, ನಮ್ಮ ಮಾವನ ಮನೆ ತಿಪಟೂರು! ಬಿಡಿ, ನೀವೇನೂ ಯೋಚನೆ ಮಾಡ್ಬೇಡಿ. ಎಲ್ಲಾ ನಾನು ನೋಡ್ಕೋತೀನಿ."

ನಾನು ತಲೆಯಾಡಿಸಿದೆ. ಅವರು ತೋರಿಸಿದ ಕಡೆ ಸಹಿ ಮಾಡಿದೆ. ಏನು ಹೇಳಿದರೂ ತಲೆಯಾಡಿಸಿದೆ. ಹೊರಡುವಾಗ ಬರ್ಫಿಯ ಪೊಟ್ಟಣ ಕೊಟ್ಟರು. ಅವರ ಕೆಲಸದಲ್ಲಿ ಒಂದು ಕುಂದೂ ಬರಲಿಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

"ಮೆಲ್ಬರ್ನ್‌ದೂ ಫೋನಲ್ಲೇ ಮಾಡ್ಕೊಡ್ತೀನಮ್ಮ. ಅಲ್ಲಿಯ ಕಾನೂನು ಸ್ವಲ್ಪ ಬೇರೆ, ಆದ್ರೆ ಅಲ್ಲೂ ನಮ್ಮ ಕಡೆಯವರೊಬ್ಬರಿದ್ದಾರೆ" ಎಂದರು.

ನಾನು ಮೆಲ್ಬರ್ನ್‌ಗೆ ನಿಮ್ಮ ಮನೆಗೆ ಬಂದು ಇದನ್ನು ಹೇಳಿದಾಗ ನಿಮ್ಮ ಅಪ್ಪನಿಗೆ ಅದೇ ಸರಿ ಅನಿಸಿತು. "ಕನ್ನಡದಲ್ಲಿ ಮಾತಾಡೋ ಲಾಯರ್ ಸಿಕ್ಕಿರೋವಾಗ ಬೇರೆ ಯಾಕೆ ಹುಡುಕ್ಬೇಕು?" ಎಂದರು. ನಿಮ್ಮ ಅಮ್ಮ ಒಪ್ಪಲಿಲ್ಲ. "ಮನೆ ಇಲ್ಲಿ, ಲಾಯರ್ ಅಲ್ಲಿ. ಏನಾದ್ರೂ ಆದ್ರೆ ಬಂದು ನೋಡೋರು ಯಾರು?" ಎಂದಳು. ಕ್ಲೇಟನ್ ಸ್ಟೇಷನ್ ಹತ್ತಿರ ಒಬ್ಬ ಹೆಂಗಸು ಇದೇ ಕೆಲಸ ಮಾಡುತ್ತಾರಂತೆ, ಅವಳ ಆಫೀಸಿನ ಯಾರೋ ಹೇಳಿದ್ದರು. ಮನೆ ಮಾರಿಸುವ ಏಜೆಂಟ್ ಬೇರೆ ಅವಸರ ಮಾಡುತ್ತಿದ್ದ. ಇನ್ನೊಂದು ಮನೆಯವರು ನೋಡಿಕೊಂಡು ಹೋಗಿದ್ದಾರೆ, ಶುಕ್ರವಾರದೊಳಗೆ ಲಾಯರ್ ಯಾರೆಂದು ಹೇಳದಿದ್ದರೆ ಅವರಿಗೇ ಕೊಡುವುದಾಗಿ ಮಾಲೀಕರು ಹೇಳಿದ್ದಾರೆ ಎಂದ. ಗುರುವಾರ ನಾನೂ ನಿಮ್ಮ ಅಮ್ಮನೂ ಆ ಹೆಂಗಸನ್ನು ನೋಡಲು ಹೋದೆವು.

ಅವರು ಗ್ರೀಕ್ ಮೂಲದವರು, ನನ್ನಷ್ಟೇ ವಯಸ್ಸು. ಕುರ್ಚಿ ತೋರಿಸಿ, "ಕೊಳ್ಳುತ್ತಿರುವವರು ಯಾರು?" ಎಂದರು.

"ನಮ್ಮ ಅಮ್ಮ. ಅವರಿಗೆ ಇಂಗ್ಲಿಷ್ ಅಷ್ಟಾಗಿ ಬರಲ್ಲ, ನನಗೆ ಹೇಳಿ" ಎಂದಳು ನಿಮ್ಮ ಅಮ್ಮ.

"ಹಾಗಾದರೆ ನಿಧಾನವಾಗಿ ಹೇಳುತ್ತೇನೆ" ಎಂದವರೇ ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು.

ಸೆಟ್ಲ್‌ಮೆಂಟ್ ಆಗುವವರೆಗೆ ಆ ಮನೆ ಮಾರುವವರದೇ ಎಂದರು. ಹೋಗಿ ನೋಡಬಹುದು. ಆದರೆ ಬೀಗದ ಕೈ ತೆಗೆದುಕೊಂಡು ಒಳಗೆ ಹೋಗಿ ಸ್ವಂತ ಮನೆಯಲ್ಲಿ ನಡೆದುಕೊಂಡ ಹಾಗೆ ನಡೆದುಕೊಂಡರೆ, ಮನೆಯನ್ನು ನೀವು ಆಗಲೇ ವಹಿಸಿಕೊಂಡಿರಿ ಎಂದು ಮಾರುವವರು ವಾದಿಸಬಹುದು. ಆಮೇಲೆ ಪೈಪ್ ಒಡೆಯಲಿ, ಬೆಂಕಿ ಬೀಳಲಿ, ಅದು ನಿಮ್ಮ ತಲೆಗೆ ಬರಬಹುದು ಎಂದರು.

ನಾನು ತಲೆಯಾಡಿಸಿದೆ.

"ತಲೆಯಾಡಿಸಬೇಡಿ. ನಾನು ಹೇಳಿದ್ದೇನು ಎಂದು ನನಗೆ ತಿರುಗಿ ಹೇಳಿ."

ನಿಮ್ಮ ಅಮ್ಮ ಬಾಯಿ ತೆರೆದಳು. ಅವರು ಕೈಯೆತ್ತಿ ತಡೆದರು. ಅವರು ಕಾಯುತ್ತಾ ಕೂತರು. ಹೊರಗೆ ಒಂದು ರೈಲು ಬಂದು ನಿಂತು ಹೊರಟುಹೋಯಿತು. ಅವರು ಇನ್ನೂ ಕಾಯುತ್ತಿದ್ದರು. ನಮ್ಮೂರ ಶಾಲೆಯಲ್ಲಿ ಮೇಷ್ಟ್ರು ಹೀಗೆಯೇ ಪಾಠ ಒಪ್ಪಿಸಲು ನಿಲ್ಲಿಸಿ, ಒಪ್ಪಿಸುವವರೆಗೆ ಕೂರಲು ಬಿಡುತ್ತಿರಲಿಲ್ಲ.

"ಸೆಟ್ಲ್‌ಮೆಂಟ್ ಬಿಫೋರ್, ಹೌಸ್ ನಾಟ್ ಮೈ. ಕೀ ನೋ. ಲುಕ್ ಓನ್ಲಿ" ಎಂದೆ.

"ಗುಡ್" ಎಂದರು. ನಗಲಿಲ್ಲ. ಮುಂದಿನ ಮಾತು ಶುರು ಮಾಡಿದರು. ಒಂದೊಂದನ್ನೂ ಹಾಗೆಯೇ ಒಪ್ಪಿಸಿದ್ದಾಯಿತು.

ರಸ್ತೆಗೆ ಬಂದ ಮೇಲೆ ನಿಮ್ಮ ಅಮ್ಮನಿಗೆ ಕಣ್ಣಲ್ಲಿ ನೀರು. "ಸ್ಕೂಲ್ ಮಕ್ಕಳನ್ನ ಕೇಳಿದ ಹಾಗೆ ಕೇಳ್ತಾರಲ್ಲಮ್ಮ ನಿನ್ನ! ಬೇಡ, ನಡಿ. ಹ್ಯಾರಿಸ್ ಪಾರ್ಕ್‌ನವರಿಗೇ ಫೋನ್ ಮಾಡೋಣ."

"ಇವರೇ ಇರಲಿ" ಎಂದೆ.

"ನಿನಗೆ ಭಯ ಆಗಲಿಲ್ವಾ?"

"ಆಯ್ತು. ಇವರೇ ಇರಲಿ."

ಯಾಕೆಂದು ಆಗ ಹೇಳಲು ಬರಲಿಲ್ಲ. ಈಗ ಬರೆಯಬಲ್ಲೆ. ನಮ್ಮ ಕಡೆ ದೊಡ್ಡವರು ಮಾತಾಡುವಾಗ ತಲೆಯಾಡಿಸುವುದು ಮರ್ಯಾದೆ. ಕೇಳಿಸಿಕೊಂಡೆ ಎಂದು ಅರ್ಥವೇ ಹೊರತು ತಿಳಿಯಿತು ಎಂದಲ್ಲ, ಒಪ್ಪಿದೆ ಎಂದೂ ಅಲ್ಲ. ಹ್ಯಾರಿಸ್ ಪಾರ್ಕ್‌ನವರ ಮುಂದೆ ನಾನು ತಲೆಯಾಡಿಸುತ್ತಿದ್ದ ಹಾಗೆಯೇ ಗಿರಾವೀನ್ ಮನೆ ಪೂರ್ತಿ ಮಾರಿ ಮುಗಿಯುವ ಹಂತಕ್ಕೆ ಬಂದಿತ್ತು, ನನಗೆ ಅದರಲ್ಲಿ ಒಂದಕ್ಷರವೂ ತಿಳಿದಿರಲಿಲ್ಲ. ಅವರು ನಮ್ಮವರಾದ್ದರಿಂದಲೇ ಕೇಳಲು ಸಂಕೋಚ. ಈ ಹೆಂಗಸಿನ ಮುಂದೆ ತಲೆಯಾಡಿಸಿ ತಪ್ಪಿಸಿಕೊಳ್ಳಲು ಆಗುತ್ತಿರಲಿಲ್ಲ.

ಊಟಕ್ಕೆ ಕೂತಾಗ ನಿಮ್ಮ ಅಪ್ಪ, "ಅತ್ತೆಗೆ ತಿಪಟೂರಿಗಿಂತ ಗ್ರೀಸ್ ಹತ್ತಿರ" ಎಂದರು.

ಕಾಂಟ್ರಾಕ್ಟ್ ಆಯಿತು. ಸೆಟ್ಲ್‌ಮೆಂಟ್ ದಿನ ಗೊತ್ತಾಯಿತು. ಮೈಸೂರಿನಲ್ಲಿದ್ದ ನನ್ನ ಅಣ್ಣನಿಗೆ ಫೋನ್ ಮಾಡಿ ದಿನ ಹೇಳಿದಾಗ ಅವನು ಪಂಚಾಂಗ ತಿರುವಿ, "ಆಷಾಢದಲ್ಲಿ ಬೀಳುತ್ತಲ್ಲೇ! ಆಷಾಢದಲ್ಲಿ ಗೃಹಪ್ರವೇಶ ಯಾರಾದರೂ ಮಾಡ್ತಾರಾ?" ಎಂದ. ಅದಕ್ಕೆ ಮುಂಚೆ ಜ್ಯೇಷ್ಠದಲ್ಲಿ ಇನ್ನೊಂದೇ ಒಳ್ಳೆಯ ದಿನ ಉಳಿದಿತ್ತು. ಬೆಳಿಗ್ಗೆ ಹನ್ನೊಂದೂವರೆಯ ಒಳಗೆ ಹಾಲು ಉಕ್ಕಿಸಿಬಿಟ್ಟರೆ ಸಾಕು, ಆಮೇಲೆ ಯಾವಾಗ ಸಾಮಾನು ತಂದರೂ ನಡೆಯುತ್ತದೆ ಎಂದ. ನನಗೂ ಮನಸ್ಸು ಅಳುಕಿತು. ಒಬ್ಬಂಟಿಯಾಗಿ ಹೋಗಿ ಸೇರುವ ಮನೆ. ಅಪಶಕುನದಿಂದ ಶುರು ಮಾಡುವುದು ಹೇಗೆ?

ನಿಮ್ಮ ಅಪ್ಪ ಏಜೆಂಟ್ ಜೊತೆ ಮಾತಾಡಿದರು. ಮನೆ ಖಾಲಿಯಿದೆ, ಬೆಳಿಗ್ಗೆ ಕೀ ತೆಗೆದುಕೊಂಡು ಹೋಗಿ ಮಧ್ಯಾಹ್ನ ಕೊಡಿ ಎಂದನಂತೆ ಅವನು. ಹ್ಯಾರಿಸ್ ಪಾರ್ಕ್‌ಗೂ ಫೋನ್ ಮಾಡಿದ್ದರು. "ಹಾಲು ಉಕ್ಕಿಸೋದಕ್ಕೆ ಯಾರು ಕೇಸ್ ಹಾಕ್ತಾರೆ ಬಿಡಿ" ಎಂದು ಅವರು ನಕ್ಕರಂತೆ. ಮುಹೂರ್ತದ ಹಿಂದಿನ ಸಂಜೆ ನಿಮ್ಮ ಅಪ್ಪ ಇದನ್ನೆಲ್ಲ ನನಗೆ ಹೇಳಿ, "ಹಾಗಾದ್ರೆ ನಾಳೆ ಹತ್ತೂವರೆಗೆ ಹೊರಡೋಣ ಅತ್ತೆ" ಎಂದರು.

ನಾನು ತಲೆಯಾಡಿಸಿದೆ. ಅಳಿಯನ ಮುಂದೆ ಬೇರೇನೂ ಮಾಡಿ ಗೊತ್ತಿರಲಿಲ್ಲ. ಒಪ್ಪಿದೆ ಎಂದು ಅವರು ತಿಳಿದುಕೊಂಡರು.

ಮರುದಿನ ಬೆಳಿಗ್ಗೆ ಗಾಳಿ ಮುಖಕ್ಕೆ ಹೊಡೆಯುವಷ್ಟು ಚಳಿ. ಆ ಖಾಲಿ ಮನೆಯಲ್ಲಿ ಗ್ಯಾಸ್ ತೆಗೆಸಿದ್ದರು, ಅದಕ್ಕೆ ನಿಮ್ಮ ಅಪ್ಪ ಕ್ಯಾಂಪಿಂಗ್ ಸ್ಟೋವ್ ತಂದಿದ್ದರು. ನಿಮ್ಮ ಅಮ್ಮ ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್ ಹಾಕಿಕೊಂಡು ಕೂಸನ್ನು ಪ್ರ್ಯಾಮ್‌ನಲ್ಲಿ ತಳ್ಳಿಕೊಂಡು ಬಂದಳು. ಹಾಲು ಉಕ್ಕಿಸಲು ಮಗಳು ಅಳಿಯ ಮುಂದೆ ನಿಲ್ಲಲಿ, ನಾನು ಹಿಂದೆ ಇರುತ್ತೇನೆ ಎಂದು ಮೊದಲೇ ಹೇಳಿದ್ದೆ. ಗಂಡನಿಲ್ಲದವಳು ಅಂಥ ಕೆಲಸಕ್ಕೆ ಕೈ ಹಾಕುವುದನ್ನು ನಾನು ನೋಡಿ ಬೆಳೆದಿರಲಿಲ್ಲ.

ನಿಮ್ಮ ಅಪ್ಪ ಬಾಗಿಲಿಗೆ ಕೀ ಹಾಕಿದರು.

"ಬೇಡ" ಎಂದೆ.

ಅವರಿಗೆ ಕೇಳಿಸಲಿಲ್ಲ. ಕೀ ತಿರುಗಿತು.

"ಬೇಡ. ತೆಗೀಬೇಡಿ."

"ಏನಾಯ್ತು ಅತ್ತೆ?"

"ಮನೆ ಇನ್ನೂ ನಮ್ಮದಲ್ಲ."

"ಗೊತ್ತು. ಬರೀ ಹಾಲು ಉಕ್ಸಿ ಬಂದುಬಿಡೋದು. ನಿನ್ನೆ ಹೂಂ ಅಂದ್ರಲ್ಲ?"

"ತಲೆಯಾಡಿಸಿದೆ. ಹೂಂ ಅನ್ನಲಿಲ್ಲ."

ಅವರು ಹೆಂಡತಿಯ ಕಡೆ ನೋಡಿದರು. "ಏನೇ ಇದು? ನಿಮ್ಮಮ್ಮನಿಗೆ ಮುಹೂರ್ತ ಬೇಕು ಅಂತ ನಾನು ಆಫೀಸಿಗೆ ರಜ ಹಾಕಿ, ಏಜೆಂಟ್‌ಗೆ ಹಲ್ಲು ಗಿಂಜಿ ಕೀ ತಂದ್ರೆ..."

"ಸ್ವಲ್ಪ ಮೆಲ್ಲಗೆ ಮಾತಾಡ್ರೀ. ಅಮ್ಮ, ಹೊತ್ತಾಗ್ತಿದೆ. ಒಂದು ನಿಮಿಷದ ಕೆಲಸ. ಏನೂ ಆಗಲ್ಲ."

"ಏನಾದ್ರೂ ಆದ್ರೆ?" ಎಂದೆ. "ಇದೊಂದೇ ಇರೋದು ನನಗೆ."

ಕೂಸು ಅಳಲು ಶುರು ಮಾಡಿತು. ಅಳಿಯನ ಮುಖ ಕೆಂಪಾಗಿತ್ತು. ಅವರಿಗೆ ಎದುರಾಡಿದ್ದು ಅದೇ ಮೊದಲು. ಒಂದು ಕಡೆ ಮನೆ, ಒಂದು ಕಡೆ ಮುಹೂರ್ತ, ನಡುವೆ ನಾನು ಇವರ ಮನೆಯಲ್ಲೇ ಉಣ್ಣುತ್ತಿರುವವಳು.

"ಆ ಲಾಯರಮ್ಮನಿಗೆ ಫೋನ್ ಮಾಡು" ಎಂದೆ ನಿಮ್ಮ ಅಮ್ಮನಿಗೆ. ಅವಳು ಮಾಡಿ, ಎರಡು ಮಾತು ಹೇಳಿ, ಕೇಳಿಸಿಕೊಂಡು ಫೋನ್ ಇಟ್ಟಳು. "ಬಾಗಿಲು ಹಾಕಿ ಹೊರಗೆ ನಿಂತಿರಿ, ಬರ್ತೀನಿ ಅಂದ್ರು. ನಡ್ಕೊಂಡೇ ಬರ್ತಾರಂತೆ."

ಕೋಟಿನ ಜೇಬಲ್ಲಿ ಕೈ ಇಟ್ಟುಕೊಂಡು ಅವರು ಬಂದರು. ಸ್ಟೋವ್ ನೋಡಿದರು, ಹಾಲಿನ ಪಾತ್ರೆ ನೋಡಿದರು, ನಿಮ್ಮ ಅಪ್ಪನ ಕೈಯಲ್ಲಿದ್ದ ಕೀ ನೋಡಿದರು.

"ಇದನ್ನು ಕೊಟ್ಟವರು ಯಾರು? ಏಜೆಂಟಾ? ಇದು ಅವನ ಮನೆಯೂ ಅಲ್ಲ. ಮಾಲೀಕರ ಕಡೆಯಿಂದ ಬರಹದಲ್ಲಿ ಒಪ್ಪಿಗೆ ಬೇಕು. ಅದು ಇವತ್ತು ಬರುವುದಿಲ್ಲ" ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಒಳಗೆ ಹೋದಿರಾ?" ಎಂದು ಕೇಳಿದರು.

"ನೋ. ಲುಕ್ ಓನ್ಲಿ."

ನಿಮ್ಮ ಅಪ್ಪ ಗಡಿಯಾರ ನೋಡಿಕೊಂಡು, "ಮುಗೀತು ಬಿಡಿ. ಹಾಲು ತಗೊಂಡು ಹೋಗಿ ಕಾಫಿ ಕುಡಿಯೋಣ" ಎಂದರು. ಮುಹೂರ್ತ ಮುಗಿಯಲು ಇನ್ನೂ ಸ್ವಲ್ಪ ಹೊತ್ತಿತ್ತು.

ನಾನು ರಸ್ತೆಯ ಕಡೆ ನೋಡಿದೆ. ಬೇಲಿಗೂ ರಸ್ತೆಗೂ ನಡುವೆ ಹುಲ್ಲಿನ ಪಟ್ಟಿ ಇದೆಯಲ್ಲ, ನೀವು ಸೈಕಲ್ ಬೀಳಿಸಿಬಿಟ್ಟು ಬರುವ ಜಾಗ, ಅದು ಕಣ್ಣಿಗೆ ಬಿತ್ತು. ಕೇಳಬೇಕೆನಿಸಿತು. ಮಾತನ್ನು ಮನಸ್ಸಿನಲ್ಲೇ ಜೋಡಿಸಿಕೊಂಡೆ. ಅವರು ಆ ದಿನ ಆಫೀಸಿನಲ್ಲಿ ಕಾದ ಹಾಗೆಯೇ ಈಗಲೂ ನನ್ನನ್ನು ನೋಡುತ್ತಾ ಕಾದರು.

ಕೈ ತೋರಿಸಿ ಕೇಳಿದೆ: "ದಿಸ್ ಗ್ರಾಸ್, ಹೂಸ್?"

ಅವರು ಹುಲ್ಲು ನೋಡಿದರು. ನನ್ನನ್ನು ನೋಡಿದರು. ಮೊದಲ ಸಲ ನಕ್ಕರು. "ಕೌನ್ಸಿಲ್‌ನದು. ಮಾರುವವರದಲ್ಲ" ಎಂದರು. ಕೌನ್ಸಿಲ್ ಎಂದರೆ ಇಲ್ಲಿಯ ಪುರಸಭೆ.

ನಿಮ್ಮ ಅಮ್ಮ ಆಗಲೇ ಸ್ಟೋವ್ ಎತ್ತಿಕೊಂಡಿದ್ದಳು. ಅಡುಗೆಮನೆಯ ಕಿಟಕಿ ಕಾಣುವ ಕಡೆ ಇಟ್ಟೆವು. ಗಾಳಿಗೆ ಉರಿ ಆರಿಹೋಯಿತು. ಮತ್ತೆ ಹಚ್ಚಿದರೆ ಮತ್ತೆ ಆರಿತು. ನಿಮ್ಮ ಅಪ್ಪ ಮುಖ ಗಂಟು ಹಾಕಿಕೊಂಡೇ ತಮ್ಮ ಜಾಕೆಟ್ ಬಿಚ್ಚಿ ಅಡ್ಡ ಹಿಡಿದರು. ಲಾಯರಮ್ಮ ಹೇಳಿಸಿಕೊಳ್ಳದೆ ಇನ್ನೊಂದು ಕಡೆ ತಮ್ಮ ಕೋಟು ಹಿಡಿದರು. ಉರಿ ನಿಂತಿತು.

ನಿಮ್ಮ ಅಮ್ಮ ಹಾಲಿನ ಪಾತ್ರೆಯನ್ನು ನನ್ನ ಕೈಗೆ ಕೊಟ್ಟಳು. ನಾನು ಹಿಂದೆ ಸರಿದೆ.

"ಅಮ್ಮ, ಹೊತ್ತಿಲ್ಲ. ಮನೆ ಯಾರದ್ದು? ನೀನೇ ಇಡು."

ಇಟ್ಟೆ. ಪಕ್ಕದ ಮನೆಯ ಮುದುಕ ಕಸದ ಡಬ್ಬ ಎಳೆದುಕೊಂಡು ಬಂದವನು ನಿಂತು ನೋಡಿದ. ಕಾರೊಂದು ನಿಧಾನವಾಗಿ ಹೋಯಿತು. ಸೀರೆ ಸೆರಗು ತಲೆ ಮೇಲೆಳೆದುಕೊಂಡು ರಸ್ತೆ ಬದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ ನನಗೆ ಭೂಮಿ ಬಾಯಿ ಬಿಟ್ಟರೆ ಸಾಕು ಅನಿಸುತ್ತಿತ್ತು. ಹಾಲು ಕಾಯುವುದೇ ಇಲ್ಲವೆನಿಸಿತು. ನಿಮ್ಮ ಅಪ್ಪ ಗಡಿಯಾರ ನೋಡುತ್ತಿದ್ದರು. ಅಂಚಿನಲ್ಲಿ ನೊರೆ ಎದ್ದಿತು, ಇಳಿಯಿತು, ಮತ್ತೆ ಎದ್ದು, ಪೂರ್ವದ ಕಡೆಗೇ ಉಕ್ಕಿ ಹುಲ್ಲಿನ ಮೇಲೆ ಬಿತ್ತು.

"ಆಯ್ತಾ?" ಎಂದೆ.

"ಆಯ್ತು, ಹೊತ್ತಿಗೆ ಸರಿಯಾಗಿ" ಎಂದು ನಿಮ್ಮ ಅಪ್ಪ ಜಾಕೆಟ್ ಕೊಡವಿಕೊಂಡರು. "ಕೌನ್ಸಿಲ್‌ನವರ ಗೃಹಪ್ರವೇಶ ಸಾಂಗವಾಗಿ ನೆರವೇರಿತು ಅತ್ತೆ."

ಉಳಿದ ಹಾಲಿಗೆ ಸಕ್ಕರೆ ಹಾಕಿ ಎಲ್ಲರೂ ನಿಂತುಕೊಂಡೇ ಕುಡಿದೆವು. ಲಾಯರಮ್ಮನೂ ಕುಡಿದು, ಕೀ ಇಸಿದುಕೊಂಡು, ಏಜೆಂಟನಿಗೆ ತಾವೇ ಕೊಡುವುದಾಗಿ ಹೇಳಿ ನಡೆದುಕೊಂಡು ಹೊರಟುಹೋದರು.

ಸೆಟ್ಲ್‌ಮೆಂಟ್ ಆಗುವವರೆಗೂ ನನಗೆ ಸರಿಯಾಗಿ ನಿದ್ದೆ ಬರಲಿಲ್ಲ. ಮಳೆ ಜೋರಾದರೆ ಎದ್ದು ಕೂರುತ್ತಿದ್ದೆ. ಆ ಮನೆಗೆ ಏನೂ ಆಗಲಿಲ್ಲ. ಪೈಪ್ ಒಡೆಯಲಿಲ್ಲ, ಹೆಂಚು ಹಾರಲಿಲ್ಲ. ಒಳಗೇ ಉಕ್ಕಿಸಿದ್ದರೂ ಏನೂ ಆಗುತ್ತಿರಲಿಲ್ಲ ಎಂದು ನಿಮ್ಮ ಅಪ್ಪ ಈಗಲೂ ರೇಗಿಸುತ್ತಾರೆ. ಇರಬಹುದು.

ಆಷಾಢದ ಒಂದು ಮಧ್ಯಾಹ್ನ ಗಿರಾವೀನ್ ಮನೆ ಹೋಯಿತು, ಈ ಮನೆ ಬಂತು. ಲಾಯರಮ್ಮನ ಫೋನ್ ಬಂದಾಗ ನಿಮ್ಮ ಅಮ್ಮ ಫೋನನ್ನು ನನಗೇ ಕೊಟ್ಟಳು. "ಈಗ ಆ ಮನೆ ಯಾರದು? ಹೇಳಿ" ಎಂದರು ಅವರು.

"ಮೈ ಹೌಸ್" ಎಂದು ಒಪ್ಪಿಸಿದೆ.

ಅಂದು ಸಂಜೆ ಒಬ್ಬಳೇ ಬಂದು ಬಾಗಿಲು ತೆಗೆದೆ. ಆಷಾಢವಾದ್ದರಿಂದ ಹಾಲು ಉಕ್ಕಿಸುವ ಹಾಗಿರಲಿಲ್ಲ. ಅದೇ ಕ್ಯಾಂಪಿಂಗ್ ಸ್ಟೋವ್ ಮೇಲೆ ಕಾಫಿಗೆ ಕಾಯಿಸಿದೆ, ಉಕ್ಕದ ಹಾಗೆ ಪಕ್ಕದಲ್ಲೇ ನಿಂತಿದ್ದೆ.